ಸಂಜೀವಣ್ಣ ಮತ್ತು ಮಲಾಡಿನ ಯಂತ್ರ

ಸಂಜೀವಣ್ಣನ ಮೇಜಿನ ಮೇಲೆ ಯಾವಾಗಲೂ ಐದು ಸ್ಟೀಲ್ ತಟ್ಟೆ ಇರುತ್ತಿದ್ದವು. ಊಟಕ್ಕಲ್ಲ, ನಮಗೆ ಕಂಪ್ಯೂಟರ್ ಕಲಿಸುವುದಕ್ಕೆ. ಎಂಬತ್ತರ ದಶಕದ ಕೊನೆಗೆ ಮುಂಬಯಿಯ ಗೋರೆಗಾಂವ್‌ನ ಎರಡು ಕೋಣೆಯ ಕಂಪನಿಗೆ ಸೇರಿದ ಮೊದಲ ದಿನವೇ ತಟ್ಟೆಗಳನ್ನು ನನ್ನ ಮುಂದೆ ಪೇರಿಸಿ, "ಕಡೆಗೆ ಇಟ್ಟದ್ದು ಯಾವುದು, ಮೊದಲು ಕೈಗೆ ಬರುದು ಯಾವುದು?" ಎಂದು ಕೇಳಿದರು. ಎರಡೂ ಮೇಲಿನ ತಟ್ಟೆಯೇ ಎಂದೆ. "ಹಾಂ. ಫೋರ್ತ್ ಅಂದ್ರೆ ಅರ್ಧ ಇಷ್ಟೇ ಮಾರಾಯ್ತಿ. ಉಳಿದರ್ಧ ನಿಂಗೆ ಹುಟ್ಟುವಾಗಲೇ ಬಂದುಂಟು."

ಉಳಿದರ್ಧವೆಂದರೆ ಕನ್ನಡ. ಫೋರ್ತ್ ಎಂಬ ಆ ಕಂಪ್ಯೂಟರ್ ಭಾಷೆಯಲ್ಲಿ ಸಾಮಾನು ಮೊದಲು, ಕೆಲಸ ಕೊನೆಗೆ. "ಇಂಗ್ಲಿಷಿನವರಿಗೆ ಇದು ತಲೆ ಕೆಳಗೆ, ಕಾಲು ಮೇಲೆ. ನಮ್ಮ ಅಮ್ಮ ಅಕ್ಕಿ ಉದ್ದು ರುಬ್ಬು ಅಂತಲೇ ಹೇಳುದು, ರುಬ್ಬು ಅಕ್ಕಿ ಉದ್ದು ಅಂತ ಹೇಳ್ತಾಳಾ?" ಉಡುಪಿ ಕಡೆಯಿಂದ ಬಂದು ಮಾವನ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತ ಡಿಪ್ಲೊಮಾ ಮಾಡಿದವರು ಅವರು. ಮೈಸೂರಿನ ಸಂಬಳದ ಮನೆಯಿಂದ ಬಂದ ನನಗೆ ಡಿಗ್ರಿಯ ಜಂಬವಿತ್ತು. ಅದನ್ನು ಒಂದೇ ವಾರದಲ್ಲಿ ಇಳಿಸಿದರು.

ಮಲಾಡಿನ ಒಂದು ರಕ್ತನಿಧಿಯಲ್ಲಿ ಅವರು ಕೂರಿಸಿದ್ದ ಯಂತ್ರ ನಮ್ಮ ಕಂಪನಿಯ ಹೆಮ್ಮೆ. ಸುತ್ತಲಿನ ನರ್ಸಿಂಗ್ ಹೋಮ್‌ಗಳು ತಮ್ಮ ಫೋನಿನ ರಿಸೀವರನ್ನು ಮೋಡೆಮ್ ಎಂಬ ಪುಟ್ಟ ಪೆಟ್ಟಿಗೆಯ ಮೇಲೆ ಕೂರಿಸಿ, ಇಂಥ ಗುಂಪಿನ ರಕ್ತ ಎಷ್ಟು ಬಾಟ್ಲಿ ಇದೆ ಎಂದು ಅದನ್ನು ಕೇಳಬಹುದಿತ್ತು. ಫೋರ್ತ್‌ನಲ್ಲಿ ನಮಗೆ ಬೇಕಾದ ಪದಗಳನ್ನು ನಾವೇ ಕಟ್ಟಿಕೊಳ್ಳಬಹುದು. ಸಂಜೀವಣ್ಣ ಇಂಗ್ಲಿಷ್ ಅಕ್ಷರಗಳಲ್ಲೇ ‘ಕೇಳು’, ‘ಹುಡುಕು’, ‘ಹೇಳು’ ಎಂದು ಮೂರು ಪದ ಕಟ್ಟಿದ್ದರು. ಬಂದ ಪ್ರಶ್ನೆಯನ್ನು ಒಂದು ಓದುತ್ತಿತ್ತು, ಇನ್ನೊಂದು ಪಟ್ಟಿಯಲ್ಲಿ ಎಣಿಸುತ್ತಿತ್ತು. ‘ಹೇಳು’ ಎಂಬುದು ‘ಹುಡುಕು’ವಿನಿಂದ ಲೆಕ್ಕ ಪಡೆದು ಉತ್ತರ ಕಳಿಸುತ್ತಿತ್ತು. ಪ್ರತಿ ಶನಿವಾರ ಅವರು ಹೋಗಿ ಫ್ರಿಜ್ ತೆರೆದು ಬಾಟ್ಲಿಗಳನ್ನು ಕಣ್ಣಾರೆ ನೋಡಿ ಬರುತ್ತಿದ್ದರು. "ಯಂತ್ರ ಸುಳ್ಳು ಹೇಳುದಿಲ್ಲ. ನಾವು ಹೇಳ್ಸುದು," ಎನ್ನುತ್ತಿದ್ದರು.

ಆಪರೇಷನ್ನಿಗೆಂದು ಮೊದಲೇ ಮೀಸಲಿಟ್ಟ ಬಾಟ್ಲಿಗಳನ್ನೂ ಯಂತ್ರ ಎಣಿಸುತ್ತದೆಂದು ಅಲ್ಲಿನ ಡಾಕ್ಟರು ಒಮ್ಮೆ ದೂರಿದರು. ಸಂಜೀವಣ್ಣ ಹೊಸ ಯಂತ್ರಗಳಿಗೆ ತಗಡಿನ ಪೆಟ್ಟಿಗೆ ಮಾಡಿಸಲು ಧಾರಾವಿಗೆ ಹೋಗಿದ್ದರು. ಇಷ್ಟಕ್ಕೆ ಅವರು ಯಾಕೆ ಎಂದು ನಾನೇ ಹೋದೆ. ಮೀಸಲು ಬಾಟ್ಲಿ ಬಿಟ್ಟು ಎಣಿಸುವ ಹೊಸ ‘ಹುಡುಕು’ ಬರೆದೆ, ಅಲ್ಲೇ ಕೀಬೋರ್ಡಿನಲ್ಲಿ ಪರೀಕ್ಷಿಸಿದೆ, ಸರಿಯಾದ ಲೆಕ್ಕ ಬಂತು. ಇನ್ನು ಯಂತ್ರದ ಲೆಕ್ಕವನ್ನೇ ನಂಬಬಹುದೆಂದು ನರ್ಸಿಂಗ್ ಹೋಮ್‌ಗಳಿಗೆ ಫೋನಿನಲ್ಲಿ ತಿಳಿಸಿ, ಬೀಗುತ್ತ ಮನೆಗೆ ಹೋದೆ.

ಮರುದಿನ ಶನಿವಾರ. ಬೆಳಿಗ್ಗೆ ಸಂಜೀವಣ್ಣನೂ ನಾನೂ ಮಲಾಡಿನಲ್ಲಿದ್ದೆವು. ಬಂದ ಪ್ರಶ್ನೆಗಳೆಲ್ಲ ಅಚ್ಚಾಗುವ ಕಾಗದದ ಸುರುಳಿಯನ್ನು ಓದುತ್ತಿದ್ದ ಸಂಜೀವಣ್ಣನ ಬೆರಳು ಒಂದು ಕಡೆ ನಿಂತಿತು. ಅರ್ಧ ಗಂಟೆಯ ಹಿಂದೆ ಗೋರೆಗಾಂವ್‌ನ ನರ್ಸಿಂಗ್ ಹೋಮ್ ಓ ನೆಗೆಟಿವ್ ಕೇಳಿತ್ತು. ಯಂತ್ರ ಎರಡು ಎಂದಿತ್ತು. ಆ ಎರಡೂ ಮೀಸಲು ಬಾಟ್ಲಿಗಳು, ಆಗಲೇ ಆಪರೇಷನ್ ಥಿಯೇಟರಿಗೆ ಹೋಗಿದ್ದವು. ಸಂಜೀವಣ್ಣ ಅದನ್ನೇ ಕೀಬೋರ್ಡಿನಲ್ಲಿ ಕೇಳಿ ನೋಡಿದರು, ಸೊನ್ನೆ ಬಂತು.

"‘ಹುಡುಕು’ ಯಾರು ಮುಟ್ಟಿದ್ದು?"

"ನಾನು."

"‘ಹೇಳು’ ಪುನಃ ಕಟ್ಟಿದ್ಯಾ?"

ಕಟ್ಟಿರಲಿಲ್ಲ. ಫೋರ್ತ್‌ನಲ್ಲಿ ಒಂದು ಪದವನ್ನು ಹೊಸದಾಗಿ ಬರೆದರೂ ಅದಕ್ಕಿಂತ ಮೊದಲು ಕಟ್ಟಿದ ಪದಗಳು ಹಳೆಯದನ್ನೇ ಹಿಡಿದುಕೊಂಡಿರುತ್ತವೆ. ಕೀಬೋರ್ಡಿನಲ್ಲಿ ನನಗೆ ಸಿಕ್ಕಿದ್ದು ಹೊಸ ‘ಹುಡುಕು’. ಫೋನಿನಲ್ಲಿ ಕೇಳಿದವರಿಗೆ ‘ಹೇಳು’ ಹಳೆಯ ಲೆಕ್ಕವನ್ನೇ ಕಳಿಸುತ್ತಿತ್ತು. ಇದು ನನಗೆ ಗೊತ್ತಿತ್ತು, ನನ್ನ ಕೈಗೆ ಗೊತ್ತಿರಲಿಲ್ಲ.

ಸಂಜೀವಣ್ಣ ನರ್ಸಿಂಗ್ ಹೋಮಿಗೆ ಡಯಲ್ ಮಾಡಿದರು. ಎಂಗೇಜ್. ಮತ್ತೆ ಎಂಗೇಜ್. ಅವರ ಒಂದೇ ಫೋನು ಇನ್ನೂ ಮೋಡೆಮ್ಮಿನ ಮೇಲೆ ಕೂತಿತ್ತು. "ಓಡು. ಮಲಾಡಿನಲ್ಲಿ ರಕ್ತ ಇಲ್ಲ, ನಂಬಿ ಕೂರ್ಬೇಡಿ ಅಂತ ಡಾಕ್ಟರಿಗೆ ಹೇಳು. ಫೋನ್ ಸರಿ ಇಡು. ಇಲ್ಲಿ ಯಾರಾದ್ರೂ ಬಂದ್ರೆ ನಾನುಂಟು."

ಒಂದೇ ಸ್ಟೇಷನ್. ಆ ಲೋಕಲ್ ರೈಲು ಅಷ್ಟು ನಿಧಾನ ಹೋದದ್ದನ್ನು ನಾನು ಎಂದೂ ಕಂಡಿಲ್ಲ. ನರ್ಸಿಂಗ್ ಹೋಮಿನಲ್ಲಿ ಹೆರಿಗೆಯಾದ ಹುಡುಗಿಯೊಬ್ಬಳಿಗೆ ರಕ್ತಸ್ರಾವ ನಿಂತಿರಲಿಲ್ಲ. ರಕ್ತ ತರಲು ಗಂಡ ಆಗಲೇ ಮಲಾಡಿಗೆ ಹೊರಟಿದ್ದ. ನನ್ನ ಮಾತು ಕೇಳಿ ಡಾಕ್ಟರು, "ಕಂಪ್ಯೂಟರ್ ನೇ ದೋ ಬೋಲಾ ಥಾ" ಎಂದರು, ಎರಡು ಇದೆ ಎಂದು ಅದೇ ಹೇಳಿತ್ತಲ್ಲ ಎಂಬಂತೆ, ಸಣ್ಣ ದನಿಯಲ್ಲಿ. ನಾನು ಫೋನನ್ನು ಸರಿಯಾಗಿ ಇಟ್ಟೆ. ಇಟ್ಟ ಕೂಡಲೇ ಅದು ಹೊಡೆದುಕೊಂಡಿತು. ಸಂಜೀವಣ್ಣ. ಸಿಕ್ಕಸಿಕ್ಕ ಕಡೆಗೆಲ್ಲ ಫೋನ್ ಮಾಡಿ ದಾದರಿನಲ್ಲಿ ಒಂದು ಬಾಟ್ಲಿ ಹುಡುಕಿದ್ದರು. ಗಂಡ ಸಿಕ್ಕಿದ್ದಾನೆ, ಟ್ಯಾಕ್ಸಿಯಲ್ಲಿ ಜೊತೆಗೆ ಹೋಗುತ್ತೇನೆ ಎಂದರು.

ಅವರು ಬರುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು. ಹುಡುಗಿಯ ಜೀವ ಉಳಿಯಿತು, ಗರ್ಭಕೋಶ ಉಳಿಯಲಿಲ್ಲ.

ಕಾರಿಡಾರಿನಲ್ಲಿ ಗಂಡ ನಮ್ಮಿಬ್ಬರನ್ನೂ ನೋಡಿ, ಯಂತ್ರ ಕೆಡಿಸಿದ್ದು ಯಾರು ಎಂದು ಕೇಳಿದ. ನಾನು ಬಾಯಿ ತೆರೆದೆ. ಅದಕ್ಕೆ ಮೊದಲೇ ಸಂಜೀವಣ್ಣ ಕೈಮುಗಿದು, "ಗಲ್ತಿ ಮೇರಾ ಹೈ, ಭಾಯ್" ಎಂದು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು.  ಆತ ಅವರ ಮುಗಿದ ಕೈಗಳನ್ನು ಹಿಡಿದು ಕೆಳಗಿಳಿಸಿ, "ಬಚ್ ಗಯೀ ನಾ" ಎಂದು, ಬದುಕಿದಳಲ್ಲ ಅಷ್ಟೇ ಸಾಕು ಎಂಬಂತೆ, ಒಳಗೆ ಹೋದ. ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಆಮೇಲೆ ಇಷ್ಟು ವರ್ಷ ಕತೆ ಬರೆದರೂ ಆ ಕ್ಷಣದ ನಾಚಿಕೆಗೆ ಸರಿಯಾದ ಮಾತು ಸಿಕ್ಕಿಲ್ಲ.

ರಕ್ತನಿಧಿಯವರು ಯಂತ್ರ ತೆಗೆಸಿದರು. ಸಂಜೀವಣ್ಣ ಕೆಲಸ ಬಿಟ್ಟರು. ಊರಿಗೆ ಹೊರಟ ದಿನ ಮಾವನ ಹೋಟೆಲಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹೋಗಿ ನೋಡಿದೆ.

"ಸಂಜೀವಣ್ಣ, ತಪ್ಪು ನಂದು ಅಂತ ಕಂಪನಿಯಲ್ಲಿ ಹೇಳಿಬಿಡ್ತೀನಿ."

"ಕಂಪನಿಗೆ ಎಂತಕ್ಕೆ? ಕಲ್ಸಿದ್ದು ನಾನು, ಅಲ್ಲಿ ನಂದೂ ಪಾಲುಂಟು." ಕಾಫಿ ಕೆಳಗಿಟ್ಟು ನನ್ನ ಮುಖ ನೋಡಿದರು. "ಆದ್ರೆ ಆ ಹುಡುಗ ನನ್ನನ್ನು ಕ್ಷಮಿಸಿದ. ಆ ಕ್ಷಮೆ ನಂದಲ್ಲ ಮಾರಾಯ್ತಿ, ನಿಂದು. ಹೋಗಿ ತಕ್ಕೋ."

ಆ ಗಂಡಹೆಂಡತಿಯ ವಿಳಾಸ ನನ್ನ ಬಳಿ ಇತ್ತು. ಆಫೀಸಿನಿಂದ ಹತ್ತು ನಿಮಿಷದ ದಾರಿಯ ಒಂದು ಚಾಳ್, ಒಂದೊಂದು ಕೋಣೆಯ ಮನೆಗಳ ವಠಾರ. ಎರಡು ಸಲ ಮೆಟ್ಟಿಲವರೆಗೆ ಹೋಗಿ ತಿರುಗಿ ಬಂದೆ. ಬಹಳ ವರ್ಷಗಳ ಮೇಲೆ, ಸಂಜೀವಣ್ಣ ಊರಿನಲ್ಲಿ ತೀರಿಕೊಂಡರೆಂದು ತಿಳಿದ ದಿನ, ಮೂರನೆಯ ಸಲ ಹೋದೆ. ಚಾಳ್ ಇದ್ದ ಕಡೆ ಬಿಲ್ಡಿಂಗ್ ಎದ್ದಿತ್ತು. ಯಾರು ಬೇಕೆಂದು ವಾಚ್‌ಮನ್ ಹೆಸರು ಕೇಳಿದ, ಪುಸ್ತಕ ತೆರೆದು ನೋಡಿದ, ಅಂಥವರು ಇಲ್ಲಿ ಯಾರೂ ಇಲ್ಲ ಎಂದ.