ಅಮ್ಮ ಓಡಿಸಿದ ಸಿಂಹ

ಹೋದ ತಿಂಗಳು ನಮ್ಮಮ್ಮ ಒಂದು ಸಿಂಹವನ್ನು ಗದರಿಸಿ ಓಡಿಸಿದಳು.

ನಗಬೇಡಿ. ಸುಳ್ಳು ಅನ್ನಿಸಿದರೆ ಕೀನ್ಯಾಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿ, ನಮ್ಮನೆ ಅಳಿಯನನ್ನೇ ಕೇಳಿ. (ಲೈನ್ ಸಿಗುವಷ್ಟರಲ್ಲಿ ಮುಂದಿನ ವಾರದ ಪತ್ರಿಕೆ ಬಂದಿರುತ್ತದೆ, ಅದು ಬೇರೆ ಮಾತು.)

ಪಾವಗಡದ ಈ ಅಳಿಯ ನೈರೋಬಿಯಲ್ಲಿ ಮ್ಯಾಥ್ಸ್ ಮೇಷ್ಟ್ರು. ನನ್ನ ತಂಗಿಗೆ ಹೆರಿಗೆ ಟೈಮಲ್ಲಿ ಅಮ್ಮ ಬೇಕೇ ಬೇಕು ಅಂತ ಹಟ. ಸರಿ, ಚನ್ನರಾಯನದುರ್ಗದ ಬೆಟ್ಟದ ಕೆಳಗೆ ಕುರಿ ಕಾಯುತ್ತಿದ್ದ ಅಮ್ಮ ಶಿರಾ ಕಂಬಳಿ ಹೊದ್ದು, ಓಮ, ಬಜೆ, ಮೆಣಸಿನ ಗಂಟು ಹಿಡಿದು ವಿಮಾನ ಹತ್ತಿದಳು. ಮೂರು ತಿಂಗಳು ಬಾಣಂತನ ಮಾಡಿದಳು. ವಾಪಸ್ ಕರೆತರುವ ಡ್ಯೂಟಿ ಬೇಸಿಗೆ ರಜೆಯಲ್ಲಿದ್ದ ನನಗೆ ಬಿತ್ತು. (ಮಧುಗಿರಿಯ ಹೈಸ್ಕೂಲ್ ಮೇಷ್ಟ್ರಿಗೆ ಇನ್ಯಾವ ಜನ್ಮದಲ್ಲಿ ಆಫ್ರಿಕ?)

ನಾನು ಹೋದ ಮೇಲೆ ಅಳಿಯ, "ಅತ್ತೆಗೆ ಕಾಡು ತೋರಿಸಿಕೊಂಡು ಬಾ" ಅಂದ. ಎರಡು ಥರದ ಸಫಾರಿ ಇತ್ತು. ಒಂದು ದೊಡ್ಡ ಬಸ್ಸು. ನಲವತ್ತು ಜನ, ಹೋಟೆಲು, ಬಿಸಿನೀರು, ಜೊತೆಗೊಬ್ಬ ಡಾಕ್ಟರು. ಇನ್ನೊಂದು ಜೀಪು, ಒಬ್ಬ ಡ್ರೈವರು, ಗುಡಾರ. ನಾನು, ಅಮ್ಮ, ಇಬ್ಬರೇ.

ಬಸ್ಸೇ, ಅಂದೆ. ಅಮ್ಮನಿಗೆ ಅರವತ್ತೈದು. ಮಂಡಿನೋವು ಬೇರೆ. ಅವಳನ್ನು ಕೇಳಿದೆನಾ? ಎಲ್ಲಿ! ನಾಲ್ಕಕ್ಷರ ಕಲಿತ ಮಕ್ಕಳು ನಾವು, ಹೆತ್ತವರನ್ನು ಕೇಳುತ್ತೇವೆಯೇ?

ಮಗುವಿಗೆ ಎಣ್ಣೆ ತಿಕ್ಕುತ್ತಿದ್ದ ಅಮ್ಮ ತಲೆಯೆತ್ತಿದಳು.

"ಲೇ, ನಲವತ್ತು ಜನದ ತಲೆ ನೋಡಾಕೆ ಇಷ್ಟು ದೂರ ಬರ್ಬೇಕಿತ್ತಾ? ಕೊರಟಗೆರೆ ಬಸ್ನಾಗೆ ಕಾಣಾಕಿಲ್ವಾ?"

"ಗುಡಾರ ಕಣಮ್ಮ. ಕಾಡಿನ ಮಧ್ಯೆ ಮಲಗಬೇಕು."

"ಕುರಿ ರೊಪ್ಪದಾಗೆ ಹುಟ್ಟಿದೋಳು ನಾನು. ನಂಗ್ಯಾಕ್ಲಾ ಹೆದರಿಸ್ತೀಯ?" ಅಂದವಳು, ಆಮೇಲೆ ಮೆತ್ತಗೆ ಹೇಳಿದಳು. "ಚಿರತೆ, ತೋಳ ಎಷ್ಟೋ ನೋಡಿವ್ನಿ. ಒಂದಿನಾನೂ ನೆಟ್ಟಗೆ ನೋಡಿಲ್ಲ ಕಣ್ಲಾ. ಕಂಡೇಟ್ಗೆ ಕೂಗ್ಬೇಕು, ಡಬ್ಬ ಬಡೀಬೇಕು, ಓಡಿಸ್ಬೇಕು. ಸಾಯಾದ್ರೊಳಗೆ ಒಂದ್ಸಲ ಸುಮ್ಕೆ ಕೂತ್ಕಂಡು ನೋಡ್ಬೇಕು."

ನನಗೆ ನಾಚಿಕೆಯಾಯಿತು. ಅಮ್ಮ ತನಗೆ ಅಂತ ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು. ಜೀಪೇ ಫಿಕ್ಸ್ ಆಯಿತು.

ಮೊದಲ ದಿನ ಬೆಳಿಗ್ಗೆಯೇ ನಮ್ಮ ಅದೃಷ್ಟ ಖುಲಾಯಿಸಿತು. ಎದುರಿಗೆ ಬಯಲು, ಜೀಬ್ರಾ ಹಿಂಡು, ತಾಯಿಯ ಮಗ್ಗುಲಲ್ಲಿ ಪುಟ್ಟ ಮರಿ. ಡ್ರೈವರು ತುಟಿ ಮೇಲೆ ಬೆರಳಿಟ್ಟು ಬಲಗಡೆ ತೋರಿಸಿದ. ಹುಲ್ಲಿನಲ್ಲಿ ಹೊಟ್ಟೆ ಎಳೆದುಕೊಂಡು, ಕಿವಿ ಹರಿದ ಒಂದು ಹೆಣ್ಣು ಸಿಂಹ! ಅದರ ಕಣ್ಣು ಆ ಮರಿಯ ಮೇಲೆ. ನಾನು ಉಸಿರು ಬಿಗಿಹಿಡಿದು ಕ್ಯಾಮೆರಾ ಎತ್ತಿದೆ.

"ಹೊಯ್! ಹೊಯ್! ನಿನ್ ಮನೆ ಹಾಳಾಗ! ಮರೀ ಮ್ಯಾಲೆ ಬತ್ತೀಯಾ?"

ಅಮ್ಮ! ಜೀಪಿನಲ್ಲಿ ಎದ್ದು ನಿಂತು ಟಿಫನ್ ಕ್ಯಾರಿಯರ್ ಬಡಿಯುತ್ತಿದ್ದಾಳೆ. ಜೀಬ್ರಾಗಳು ದಿಕ್ಕಾಪಾಲು. ಸಿಂಹ ಎದ್ದು, ನಮ್ಮನ್ನೊಮ್ಮೆ ದುರುಗುಟ್ಟಿ ನೋಡಿ, ಬೇರೆ ದಾರಿ ಹಿಡಿಯಿತು.

ಅಮ್ಮ ಕುಸಿದು ಕೂತಳು. "ಅಯ್ಯೋ, ನೋಡಾಕೆ ಬಂದು ಓಡಿಸ್ಬುಟ್ನಲ್ಲೋ!" ಕಣ್ಣಲ್ಲಿ ನೀರು.

ಬಸ್ಸಾಗಿದ್ದರೆ ಆ ನಲವತ್ತು ಜನ ನಮ್ಮಿಬ್ಬರನ್ನು ಅಲ್ಲೇ ಇಳಿಸಿ ಹೋಗುತ್ತಿದ್ದರೋ ಏನೋ. ನಮ್ಮ ಡ್ರೈವರು ಮಾತ್ರ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಗುತ್ತಿದ್ದ. ಅವನೂ ದನ ಕಾಯುವ ಮನೆಯವನಂತೆ. "ನಮ್ಮಮ್ಮನೂ ಹೀಗೇ ಕೂಗೋದು" ಅಂತ ಇಂಗ್ಲಿಷಿನಲ್ಲಿ ಹೇಳಿ, ಅವರ ಕಡೆಯ ಕೂಗನ್ನು ಹಾಕಿ ತೋರಿಸಿದ. ಅಮ್ಮ ಮೂಗೊರೆಸಿಕೊಂಡು, "ಇನ್ನಷ್ಟು ಗಟ್ಟಿಯಾಗಿ ಕೂಗ್ಬೇಕಪ್ಪ" ಅಂತ ತಿದ್ದಿದಳು. (ಅನುವಾದ ನನ್ನದು.)

ಮರುದಿನ ಅವನೇ ಹುಡುಕಿಕೊಂಡು ಹೋದ. ಮರದ ನೆರಳಲ್ಲಿ ಅದೇ ಸಿಂಹ. ಕಿವಿ ಹರಿದಿದ್ದರಿಂದ ಗುರುತು ಸಿಕ್ಕಿತು. ಎರಡು ಮರಿಗಳು ಮೊಲೆ ಕಚ್ಚಿ ಎಳೆಯುತ್ತಿದ್ದವು. ಅಮ್ಮ ಟಿಫನ್ ಕ್ಯಾರಿಯರನ್ನು ನನ್ನ ಕೈಗೆ ಕೊಟ್ಟು, ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. (ಬಾಯಿ ತನ್ನ ಮಾತು ಕೇಳುವುದಿಲ್ಲ ಅಂತ ಹಿಂದಿನ ದಿನವೇ ಗೊತ್ತಾಗಿತ್ತಲ್ಲ!)

ಅರ್ಧ ಗಂಟೆ ನೋಡಿದಳು. ಸುಮ್ಮನೆ, ಕೂತುಕೊಂಡು, ನೆಟ್ಟಗೆ. ಅವಳ ಮುಖ ಅಷ್ಟು ಹಗುರವಾಗಿದ್ದುದನ್ನು ನಾನು ಯಾವತ್ತೂ ಕಂಡಿರಲಿಲ್ಲ. ನಾನು ಸಿಂಹ ನೋಡುವುದನ್ನೇ ಮರೆತೆ.

ಕೊನೆಗೆ ಸೆರಗು ತೆಗೆದು ನನ್ನ ಕಿವಿ ಹತ್ತಿರ ಬಂದಳು.

"ಬಾಣಂತಿ ಕಣ್ಲಾ. ಹೊಟ್ಟೆ ನೋಡು, ಬೆನ್ನಿಗೆ ಅಂಟ್ಕಂಡೈತೆ. ನಿನ್ನೆ ಬಾಣಂತಿ ಊಟ ಕಿತ್ಕಂಡ್ಬುಟ್ಟೆ."

ಈಗ ನೀವೇ ಹೇಳಿ, ನಲವತ್ತು ಜನರ ಬಸ್ಸಿನಲ್ಲಿ ಈ ಮಾತು ನನಗೆ ಕೇಳಿಸುತ್ತಿತ್ತೇ?