ಔಡಲೆಣ್ಣೆ ಕುಡಿದ ಕಾರು

ಹಳೆಯ ಕಾರು ಕೊಳ್ಳಲು ಹೋಗುವವರು ಮಾಡುವ ಮೊದಲನೆಯ ತಪ್ಪು ಮನೆಯ ಯಜಮಾನನಿಗೆ ನಮಸ್ಕಾರ ಹೇಳುವುದು. ನಮಸ್ಕಾರ ಎಲ್ಲಿಗೂ ಓಡಿಹೋಗುವುದಿಲ್ಲ, ಆಮೇಲೂ ಹೇಳಬಹುದು. ಮೊದಲು ಬಾನೆಟ್ಟಿನ ಮೇಲೆ ಕೈ ಇಡಬೇಕು. ಬಿಸಿ ಇದ್ದರೆ ತಿಳಿದುಕೊಳ್ಳಿ: ನೀವು ಬರುವ ಮೊದಲೇ ಯಾರೋ ಅದನ್ನು ಓಡಾಡಿಸಿ, ಕೆಮ್ಮು ದಮ್ಮು ಎಲ್ಲ ಇಳಿಸಿ, ಹೆಣ್ಣು ತೋರಿಸುವ ಹಾಗೆ ಸಿಂಗರಿಸಿ ತಂದು ನಿಲ್ಲಿಸಿದ್ದಾರೆ. ತಣ್ಣಗಿರುವ ಎಂಜಿನ್ನಿಗೆ ಸುಳ್ಳು ಹೇಳಲು ಬರುವುದಿಲ್ಲ.

ಈ ವಿದ್ಯೆಯನ್ನು ನನಗೆ ಯಾರೂ ಕಲಿಸಲಿಲ್ಲ. ಸೈಕಲ್ಲಿನ ಹಿಂದೆ ಎಣ್ಣೆ ಡಬ್ಬಿ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗಿದವನು ನಾನು. ಕೊಟ್ಟೂರಿನಲ್ಲಿ ಎಣ್ಣೆಯಂಗಡಿ ಇಡುವ ಹೊತ್ತಿಗೆ ಸೈಕಲ್ಲು, ಮೋಪೆಡ್ಡು, ಒಂದು ಮುದಿ ಜೀಪು ಎಲ್ಲವನ್ನೂ ಕೊಂಡು, ಮಾರಿ, ಮತ್ತೆ ಕೊಂಡಿದ್ದೆ. ಹೀಗಾಗಿ ನಮ್ಮ ಬಳಗದಲ್ಲಿ ಯಾರು ಏನು ಕೊಳ್ಳುವುದಿದ್ದರೂ ನನ್ನನ್ನು ಕರೆಯುವುದು ರೂಢಿಯಾಯಿತು. ಕರೆಯದಿದ್ದರೆ ನಾನೇ ಹೋಗುತ್ತಿದ್ದೆ.

ಎಪ್ಪತ್ತರ ದಶಕ ಮುಗಿದು ಎಂಬತ್ತು ಕಾಲಿಟ್ಟ ದಿನಗಳು. ಹೊಸ ಕಾರು ಬೇಕೆಂದರೆ ಹೆಸರು ಬರೆಸಿ, ಮದುವೆಯಾಗಿ, ಮಕ್ಕಳಾಗಿ, ಆ ಮಕ್ಕಳು ಶಾಲೆಗೆ ಹೋಗುವವರೆಗೂ ಕಾಯಬೇಕಿತ್ತು. ಹಾಗಾಗಿ ನಮ್ಮ ಕಡೆ ಕಾರು ಎಂದರೆ ಹಳೆಯ ಕಾರು ಎಂದೇ ಅರ್ಥ.

ನನ್ನ ತಂಗಿಯ ಗಂಡ ಕೂಡ್ಲಿಗಿಯವನು. ಕೂಡ್ಲಿಗಿಯಿಂದ ಹರಪನಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಸ್ವಂತ ಕಾರು ಕೊಂಡು ಬಾಡಿಗೆಗೆ ಓಡಿಸಬೇಕೆಂಬುದು ಅವನ ಬಹಳ ದಿನದ ಆಸೆ. ಕಾರು ಕೊಂಡು ಆಮೇಲೆ ಕೆಲಸ ಬಿಡುವುದು ಸಾಮಾನ್ಯ ಜನರ ಕ್ರಮ. ಅವನು ಕ್ರಮವನ್ನು ಸ್ವಲ್ಪ ಹಿಂದುಮುಂದು ಮಾಡಿದ್ದ. ಬಸ್ಸಿನ ಮಾಲೀಕನಿಗೆ ಬಾಯಿಗೆ ಬಂದದ್ದೆಲ್ಲ ಅಂದು, ಕೀಲಿ ಕೈಗೆ ಕೊಟ್ಟು, ರಾಜನ ಹಾಗೆ ಮನೆಗೆ ನಡೆದುಕೊಂಡು ಬಂದಿದ್ದ. ನಡೆದುಕೊಂಡು ಏಕೆಂದರೆ ಆ ದಾರಿಯಲ್ಲಿ ಇದ್ದದ್ದು ಅದೊಂದೇ ಬಸ್ಸು.

ತಂಗಿ ನನ್ನ ಅಂಗಡಿಗೆ ಬಂದಳು.

"ಅಣ್ಣಾ, ಇವರು ಕೋಗಳ್ಯಾಗ ಒಂದು ಕಾರು ನೋಡ್ಯಾರ. ಹಾರ್ನ್ ಭಾಳ ಚಲೋ ಐತಂತ."

"ಎಂಜಿನ್ನು?"

"ಅದರ ಸುದ್ದಿ ಏನೂ ಹೇಳಲಿಲ್ಲ. ಕಿಟಕಿಗೆ ಪರದೆ ಅದಾವಂತ."

ನನಗೆ ನಗು ಬಂತು.

"ನಗಬ್ಯಾಡ. ಬಸ್ಸಿನ ಸೀಟಿನಾಗ ಆಗಲೇ ಬ್ಯಾರೆಯವನು ಕುಂತಾನ. ಈ ಕಾರು ಕೈ ಕೊಟ್ರ ಇವರಿಗೆ ತಿರುಗಿ ಹೋಗಾಕ ಜಾಗ ಇಲ್ಲ. ನೀ ಒಂದ್ಸಲ ನೋಡಿ ಬಾ. ನೀ ಬ್ಯಾಡ ಅಂದ್ರ ಬ್ಯಾಡ."

ನೀನು ಬೇಡ ಎಂದರೆ ಬೇಡ. ಇಷ್ಟು ಭಾರದ ಮಾತನ್ನು ಅವಳು ಎಣ್ಣೆ ಅಳೆಯುವ ಜಾಗದಲ್ಲಿ ನಿಂತು, ಸೆರಗಿಗೆ ಎಣ್ಣೆ ತಾಗದಂತೆ ಹಿಡಿದುಕೊಂಡು ಹೇಳಿದಳು.

ಮರುದಿನ ಬೆಳಿಗ್ಗೆ ನಾವಿಬ್ಬರೂ, ಅಂದರೆ ನಾನೂ ಅವಳ ಗಂಡನೂ, ಕೋಗಳಿಗೆ ಹೋದೆವು. ಹೇಳದೆ ಹೋದೆವು. ಹೇಳಿ ಹೋಗುವುದು ಎರಡನೆಯ ತಪ್ಪು. ಕಾರಿನ ಮಾಲೀಕ ಗೌಡ ಅನುಕೂಲಸ್ಥ ರೈತ, ಹಿರಿಯ, ಎತ್ತಿನ ವ್ಯಾಪಾರದಲ್ಲಿ ಪಳಗಿದವನು. ಕಾರನ್ನು ದನದ ಕೊಟ್ಟಿಗೆಯಲ್ಲಿ ಎರಡು ಎತ್ತುಗಳ ನಡುವೆ ನಿಲ್ಲಿಸಿದ್ದ. ಎತ್ತುಗಳ ಹಣೆಗೂ ಕಾರಿನ ಹಣೆಗೂ ಒಂದೇ ಅಳತೆಯ ವಿಭೂತಿ ಪಟ್ಟೆ. ದೊಡ್ಡದೆಂದು ಹೇಳಲಾಗದ, ಚಿಕ್ಕದೆಂದು ತೆಗೆದುಹಾಕಲಾಗದ ನಡುಗಾತ್ರದ ಕಾರು. ಒಳಗೆ ಐದು ಜನ ಸುಖವಾಗಿ, ನಮ್ಮ ಕಡೆಯ ಲೆಕ್ಕದಲ್ಲಿ ಒಂದು ದಿಬ್ಬಣವೇ ಕೂರಬಹುದು.

ನಾನು ನೆಟ್ಟಗೆ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಆಮೇಲೆ ತಿರುಗಿ ಗೌಡನಿಗೆ ನಮಸ್ಕಾರ ಹೇಳಿದೆ.

"ಏನ್ರಿ, ಜ್ವರ ಐತೇನಂತ ನೋಡಿದ್ರೇನು?" ಎಂದ ಗೌಡ.

"ಇಲ್ರಿ, ಆರೋಗ್ಯ ಐತಿ. ಚಾಲೂ ಮಾಡ್ರಿ."

ಚಾಲೂ ಮಾಡಿದ. ಸದ್ದು ಕೇಳಿ ನನಗೆ ಆಶ್ಚರ್ಯವಾಯಿತು. ಅಷ್ಟು ಹಳೆಯ ಎಂಜಿನ್ನು ಬೆಳಗಿನ ತಂಪಿನಲ್ಲಿ ಕಟಕಟ ಅನ್ನಬೇಕು. ಇದು ಕಂಬಳಿ ಹೊದ್ದುಕೊಂಡು ಮಾತಾಡುವವರ ಹಾಗೆ ಮೆತ್ತಗೆ ಗುರುಗುಟ್ಟುತ್ತಿತ್ತು. ಆದರೆ ಹಿಂದಿನಿಂದ ಹೊಗೆ ಬರತೊಡಗಿತು. ಬಂತು, ಬರುತ್ತಲೇ ಇತ್ತು. ಎತ್ತುಗಳು ಕಣ್ಣಿ ಹರಿಯುವಂತೆ ಎಳೆದಾಡಿದವು. ಕೊಟ್ಟಿಗೆಯಲ್ಲಿ ಒಬ್ಬರಿಗೊಬ್ಬರು ಕಾಣದಾದೆವು.

"ಹೊಗಿ ಸ್ವಲ್ಪ ಐತಿ, ಭಾವ," ಎಂದಿತು ತಂಗಿಯ ಗಂಡನ ದನಿ.

"ಹೌದಾ? ನೀ ಎಲ್ಲಿ ಅದೀಯಪ್ಪ? ನನಗ ಕಾಣವಲ್ಲಿ."

"ಹಾರ್ನ್ ಕೇಳ್ರಿ," ಎಂದು ಅವನು ಹಾರ್ನ್ ಬಾರಿಸಿದ. ಹಾರ್ನ್ ಚೆನ್ನಾಗಿಯೇ ಇತ್ತು.

ಹಿಂದಿನ ವಾರ ಹಡಗಲಿಯಿಂದ ಬಂದಿದ್ದ ಒಬ್ಬ ಗಿರಾಕಿ ಈ ಹೊಗೆ ನೋಡಿ, ಕೊಟ್ಟ ಚಹಾವನ್ನೂ ಕುಡಿಯದೆ ಹೋಗಿದ್ದನಂತೆ. ಗೌಡನಿಗೆ ಗಿರಾಕಿ ಹೋದದ್ದಕ್ಕಿಂತ ಚಹಾ ಬಿಟ್ಟದ್ದೇ ಹೆಚ್ಚಿನ ನೋವು. ನಾನೂ ಹಾಗೆಯೇ ಹೊರಡಬೇಕಿತ್ತು. ನೀಲಿ ಬಿಳಿ ಹೊಗೆ ಎಂದರೆ ಎಣ್ಣೆ ಸುಡುತ್ತಿದೆ ಎಂದು, ಎಣ್ಣೆ ಸುಡುತ್ತಿದೆ ಎಂದರೆ ಪಿಸ್ಟನ್ನಿನ ಸುತ್ತಲಿನ ರಿಂಗುಗಳು ಸವೆದಿವೆ ಎಂದು, ರಿಂಗು ಸವೆದಿದ್ದರೆ ಪಿಸ್ಟನ್ನು ಓಡಾಡುವ ಕೊಳವೆಯೂ ಸವೆದಿರುತ್ತದೆ ಎಂದು ಯಾವ ಗ್ಯಾರೇಜಿನಲ್ಲಿ ಕೇಳಿದರೂ ಹೇಳುತ್ತಾರೆ. ನಿಮಗೂ ನಾನು ಅದನ್ನೇ ಹೇಳುತ್ತೇನೆ: ಹೊಗೆ ಕಂಡರೆ ಎದ್ದು ಬನ್ನಿ.

ನಾನು ಹೊರಡದಿರಲು ಕಾರಣ ನನ್ನ ಹೊಟ್ಟೆ. ಆ ಹೊಗೆಯ ವಾಸನೆ ಮೂಗಿಗೆ ಹತ್ತಿದ್ದೇ ತಡ, ಹೊಟ್ಟೆ ತಾನಾಗಿಯೇ ಮುದುಡಿಕೊಂಡಿತು. ಚಿಕ್ಕಂದಿನಲ್ಲಿ ಅವ್ವ ನನ್ನನ್ನು ಕಾಲಿನ ಸಂದಿಯಲ್ಲಿ ಅದುಮಿ, ಮೂಗು ಹಿಡಿದು, ಬಾಯಿಗೆ ಹೊಯ್ಯುತ್ತಿದ್ದ ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ, ವಾಸನೆ ಅದು. ದೊಡ್ಡವನಾದ ಮೇಲೆ ಅದನ್ನೇ ಮಾರಿ ಅನ್ನ ಉಂಡವನು ನಾನು. ತಪ್ಪುವ ಮಾತೇ ಇಲ್ಲ.

ಎಂಜಿನ್ನು ನಿಲ್ಲಿಸಿ, ಎಣ್ಣೆ ನೋಡುವ ಕಡ್ಡಿ ಎಳೆದು, ಎರಡು ಬೆರಳಿನ ನಡುವೆ ಉಜ್ಜಿ ಅಗಲಿಸಿದೆ. ಬೆಲ್ಲದ ಪಾಕದ ಹಾಗೆ ಎಳೆ ಬಂತು.

"ಗೌಡ್ರ, ಇದಕ್ಕ ಎಂಥ ಎಣ್ಣಿ ಹಾಕ್ತೀರಿ?"

ಯಾರಾದರೂ ಇದನ್ನು ಕೇಳಲಿ ಎಂದು ಎಷ್ಟು ದಿನದಿಂದ ಕಾಯುತ್ತಿದ್ದನೋ, ಗೌಡನ ಮುಖ ಅರಳಿತು. "ಮನ್ಯಾಗ ತಗದ ಔಡ್ಲೆಣ್ಣಿ ರೀ. ನಮ್ಮ ಹೊಲದ್ದ. ಗ್ಯಾರೇಜಿನ ಎಣ್ಣಿ ನೀರಿದ್ದಂಗ ಇರ್ತೈತಿ, ಅದರಾಗೇನು ಸತ್ವ ಐತಿ? ನಮ್ಮಪ್ಪ ಬಂಡಿ ಕೀಲಿಗೆ ಇದನ್ನ ಹಾಕ್ತಿದ್ದ. ಬಂಡಿ ಇನ್ನೂ ಐತಿ ನೋಡ್ರಿ, ಅಗಾ ಅಲ್ಲಿ. ಕಾರಿಗೂ ಎರಡು ವರ್ಷದಿಂದ ಇದ. ಮೊದಲ ಕಟಕಟ ಅಂತಿತ್ತು, ಈಗ ಒಂದು ಸಪ್ಪಳ ಇಲ್ಲ."

ಮೋಸಗಾರನ ಎದುರು ನಿಲ್ಲುವುದು ನನಗೆ ಗೊತ್ತಿತ್ತು. ಇವನು ಮೋಸಗಾರನಲ್ಲ. ತನ್ನ ಕಾರಿಗೆ ಬಾಣಂತಿಗೆ ತುಪ್ಪ ಬಡಿಸುವಷ್ಟು ಪ್ರೀತಿಯಿಂದ ವಿಷ ಬಡಿಸಿದ್ದ.

ನಾನು ಬಂಡಿಯ ಮೇಲೆ ಕುಳಿತು ಯೋಚನೆ ಮಾಡಿದೆ. ಔಡಲೆಣ್ಣೆ ಕಾದು ಕಾದು ಅಂಟಾಗುತ್ತದೆ. ನನ್ನ ಅಂಗಡಿಯಲ್ಲಿ ಬಿಸಿಲಿಗೆ ಬಿದ್ದ ಡಬ್ಬಿಯ ಮುಚ್ಚಳ ತೆಗೆಯಲು ಸೀಮೆಎಣ್ಣೆಯಲ್ಲಿ ನೆನೆಹಾಕಬೇಕಿತ್ತು. ಹಾಗಾದರೆ ಈ ಎಂಜಿನ್ನಿನ ರಿಂಗುಗಳು ಸವೆದಿರಬಹುದು, ಅಥವಾ ಆ ಮುಚ್ಚಳದ ಹಾಗೆ ಸುಮ್ಮನೆ ಅಂಟಿಕೊಂಡು ಕೂತಿರಬಹುದು. ಹೊರಗಿನಿಂದ ಎರಡಕ್ಕೂ ಒಂದೇ ಹೊಗೆ. ಅಂಟಾಗಿದ್ದರೆ ಇದರಂಥ ಕಾರು ಈ ಬೆಲೆಗೆ ಮತ್ತೆ ಸಿಗುವುದಿಲ್ಲ. ಸವೆದಿದ್ದರೆ ತಂಗಿಯ ಮನೆಯಲ್ಲಿ ಬಸ್ಸೂ ಇಲ್ಲ, ಕಾರೂ ಇಲ್ಲ, ಹಾರ್ನ್ ಒಂದೇ.

ಕಾರು ಎಲ್ಲೆಲ್ಲಿ ಓಡಿದೆ ಎಂದು ಕೇಳಿದೆ. ಮನೆಯಿಂದ ಹೊಲಕ್ಕೆ, ಹೊಲದಿಂದ ಮನೆಗೆ, ವರ್ಷಕ್ಕೊಮ್ಮೆ ಮೈಲಾರದ ಜಾತ್ರೆಗೆ. ಅಷ್ಟಕ್ಕೆ ಕಬ್ಬಿಣ ಸವೆಯುವುದು ಕಷ್ಟ ಎಂದುಕೊಂಡೆ. ಆದರೂ ಅಂದುಕೊಳ್ಳುವುದು ಬೇರೆ, ನೋಡುವುದು ಬೇರೆ.

ಬೆಲೆ ಮಾತಾಡಲು ಗೌಡ ಹೆಗಲ ಟವೆಲ್ ತೆಗೆದು ನನ್ನ ಕೈಮೇಲೆ ಹಾಸಿದ. ಎತ್ತಿನ ಸಂತೆಯ ಪದ್ಧತಿ. ಬೆರಳು ಹಿಡಿದು, ಒತ್ತಿ, ಮಡಚಿ ಬೆಲೆ ಹೇಳುವುದು. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ನಾನು ಒಂದು ಬೆರಳು ಇಳಿಸುವಷ್ಟರಲ್ಲಿ ತಂಗಿಯ ಗಂಡ ಕಾರಿನೊಳಗಿನಿಂದ, "ಸೀಟು ಭಾಳ ಚಲೋ ಅದಾವ ಭಾವ," ಎನ್ನುತ್ತಿದ್ದ. ಗೌಡನ ಬೆರಳು ತಿರುಗಿ ಏಳುತ್ತಿತ್ತು. ಪರದೆ ಎಳೆದು ನೋಡಿದಾಗ ಒಂದು ಬೆರಳು. ಹಾರ್ನಿಗೆ ಇನ್ನೊಂದು.

"ಲೇ, ಕೆಳಗಿಳಿದು ಎತ್ತಿಗೆ ಮೇವು ಹಾಕು ಹೋಗು," ಎಂದೆ. ಕೊಳ್ಳುವವನನ್ನು ಕೊಳ್ಳುವ ಜಾಗಕ್ಕೆ ಕರೆದೊಯ್ಯುವುದು ಮೂರನೆಯ ತಪ್ಪು, ಬರೆದಿಟ್ಟುಕೊಳ್ಳಿ.

ಅವನು ಹೋದ ಮೇಲೆ ಬೆರಳುಗಳು ದಾರಿಗೆ ಬಂದವು. ಬೆಲೆ ಏನಾಯಿತು ಎಂದು ಕೇಳಬೇಡಿ. ಟವೆಲಿನ ಕೆಳಗೆ ಆದದ್ದು ಟವೆಲಿನ ಕೆಳಗೇ ಇರಲಿ. ಕೈ ಬಿಡುವ ಮೊದಲು ನಾನು ಒಂದು ಮಾತು ಸೇರಿಸಿದೆ: ಕಾರನ್ನು ಹಗರಿಬೊಮ್ಮನಹಳ್ಳಿಯ ಗ್ಯಾರೇಜಿಗೆ ಒಯ್ದು ನಿಮ್ಮೆದುರಿಗೇ ಎಂಜಿನ್ನಿನ ಹೆಡ್, ಅದೇ ಮೇಲಿನ ಮುಚ್ಚಳ, ಬಿಚ್ಚಿಸೋಣ. ಒಳಗೆ ಸವೆದಿದ್ದರೆ ಬಿಚ್ಚಿ ಜೋಡಿಸಿದ ಖರ್ಚು ನನ್ನದು, ಕಾರು ನಿಮ್ಮದು. ಸವೆದಿರದಿದ್ದರೆ ಇದೇ ಬೆಲೆ.

ಗೌಡನಿಗೆ ಸಿಟ್ಟು ಬಂತು. "ಎತ್ತು ಕೊಳ್ಳಾಕ ಬಂದು ಹೊಟ್ಟಿ ಸೀಳಿ ನೋಡ್ತೀನಿ ಅಂತೀರಲ್ಲ?"

"ಹಲ್ಲು ನೋಡಾಂಗಿಲ್ಲೇನ್ರಿ? ಇದರ ಹಲ್ಲು ಹೊಟ್ಟಿಯೊಳಗ ಅದಾವ. ನಾ ಏನ್ಮಾಡ್ಲಿ?"

ಎತ್ತಿನ ಮಾತಿಗೆ ಎತ್ತಿನ ಮಾತು ಸಿಕ್ಕಿತೆಂದು ಗೌಡ ನಕ್ಕುಬಿಟ್ಟ. ಒಪ್ಪಿದ.

ಊರು ತುಂಬ ಹೊಗೆ ಹಾಕುತ್ತ ನಾವು ಹಗರಿಬೊಮ್ಮನಹಳ್ಳಿ ಸೇರಿದೆವು. ಗ್ಯಾರೇಜಿನ ಸಾಬರು ನನಗೆ ಜೀಪಿನ ಕಾಲದ ಗೆಳೆಯರು. ಹೆಡ್ ಎತ್ತಿದವರೇ ಬಗ್ಗಿ ನೋಡಿ, ಮೂಗು ಮುಚ್ಚಿಕೊಂಡರು.

"ಯಾರ್ರೀ ಇದರಾಗ ಬಜ್ಜಿ ಕರದವರು?"

"ಸುಮ್ನಿರೋ ಮಾರಾಯ, ಬಜ್ಜಿ ಮಾಲಕರು ಇಲ್ಲೇ ಅದಾರ," ಎಂದೆ. ಗೌಡ ಬೇರೆ ಕಡೆ ನೋಡಿದ.

ಒಳಗೆಲ್ಲ ಹಂಚಿಗೆ ಹತ್ತಿದ ಪಾಕದಂಥ ಕಂದು ಅಂಟು. ಸಾಬರು ಸೀಮೆಎಣ್ಣೆ ಸುರಿದು ಒರೆಸತೊಡಗಿದರು. ತಂಗಿಯ ಗಂಡ ಅದುವರೆಗೆ ಹಾರ್ನು, ಪರದೆ ಎನ್ನುತ್ತಿದ್ದವನು ಈಗ ಆಸ್ಪತ್ರೆಯ ಬಾಗಿಲಲ್ಲಿ ನಿಂತವರ ಹಾಗೆ ನಿಂತಿದ್ದ. ಬಸ್ಸು ಬಿಟ್ಟ ದಿನ ಬಾರದ ಹೆದರಿಕೆ ಅವನಿಗೆ ಆಗ ಬಂದಿತ್ತು. "ಭಾವ, ನೀವ ನೋಡ್ರಿ," ಎಂದ, ಮೆತ್ತಗೆ.

ಪಿಸ್ಟನ್ನು ಮೇಲೆ ಕೆಳಗೆ ಓಡಾಡಿ ಕೊಳವೆ ಸವೆದಿದ್ದರೆ, ಬಾಯಿಯ ಹತ್ತಿರ ಸವೆಯದೆ ಉಳಿದ ಭಾಗ ಒಂದು ಗೆರೆಯಾಗಿ ನಿಲ್ಲುತ್ತದೆ. ಉಗುರಿಗೆ ತಡೆಯುತ್ತದೆ. ನಾನು ಕಿರುಬೆರಳಿನ ಉಗುರನ್ನು ಒಳಗಿಳಿಸಿ ಮೇಲಕ್ಕೆ ಎಳೆದೆ. ಗಾಜಿನ ಲೋಟದೊಳಗೆ ಎಳೆದ ಹಾಗೆ ಜಾರಿ ಬಂತು. ಉಳಿದ ಕೊಳವೆಗಳನ್ನೂ ನೋಡಿದೆ. ಎಲ್ಲಿಯೂ ಉಗುರು ತಡೆಯಲಿಲ್ಲ. ರಿಂಗುಗಳು ತಮ್ಮ ಜಾಗದಲ್ಲಿ ಅಂಟಿಕೊಂಡು ಎರಡು ವರ್ಷ ನಿದ್ದೆ ಹೊಡೆದಿದ್ದವು, ಅಷ್ಟೇ.

"ತಗೋ," ಎಂದೆ.

ಅವನು ನೆಟ್ಟಗೆ ಹೋಗಿ ಹಾರ್ನ್ ಬಾರಿಸಿದ.

ಹೊಸ ರಿಂಗು, ಸತ್ವವಿಲ್ಲದ ಗ್ಯಾರೇಜಿನ ಎಣ್ಣೆ ಹಾಕಿಸಿದ ಮೇಲೆ ಹೊಗೆ ನಿಂತಿತು. ವಾಸನೆ ಮಾತ್ರ ನಿಲ್ಲಲಿಲ್ಲ. ಸೈಲೆನ್ಸರಿನ ಒಳಗೆ ಎಲ್ಲೆಲ್ಲಿ ಹೀರಿಕೊಂಡಿತ್ತೋ, ಗಾಡಿ ಕಾದಾಗಲೆಲ್ಲ ಘಮ್ಮೆನ್ನುತ್ತಿತ್ತು. ಕೂಡ್ಲಿಗಿಯಲ್ಲಿ ಬಾಡಿಗೆ ಕೇಳಲು ಬಂದವರು ಮೂಗು ಹಿಂಡಿಕೊಂಡು ಬೇರೆ ಕಾರಿಗೆ ಹೋಗುತ್ತಿದ್ದರು. ತಂಗಿ ಕಿಟಕಿಯ ಪರದೆಗಳನ್ನು ದಿನಾ ಒಗೆದು ಒಣಹಾಕಿದಳು.

ಅಷ್ಟರಲ್ಲಿ ಹತ್ತಿರದ ಹಳ್ಳಿಯಿಂದ ಹೆರಿಗೆ ನೋವು ಬಂದ ಹೆಂಗಸನ್ನು ಕೂಡ್ಲಿಗಿ ಆಸ್ಪತ್ರೆಗೆ ತರಬೇಕಾಯಿತು. ಬೇರೆ ಗಾಡಿ ಇಲ್ಲದೆ ಇವನನ್ನೇ ಕರೆದರು. ನಮ್ಮ ಕಡೆ ಹಳೆಯ ಹೆಂಗಸರು ನೋವು ಜೋರಾಗಿ ಬರಲೆಂದು ಬಸುರಿಗೆ ಔಡಲೆಣ್ಣೆ ಕುಡಿಸುತ್ತಿದ್ದರು. ಬಸುರಿಯ ಅಜ್ಜಿ ಕಾರಿನೊಳಗೆ ಕಾಲಿಟ್ಟವಳೇ ಮೂಗು ಅರಳಿಸಿ, "ಗಾಡ್ಯಾಗ ಔಡ್ಲೆಣ್ಣಿ ವಾಸನಿ ಐತಿ. ಇನ್ನ ಕಾಳಜಿ ಇಲ್ಲ ಮಗಳ," ಎಂದಳಂತೆ. ಆಸ್ಪತ್ರೆ ಸೇರಿದ ಸ್ವಲ್ಪ ಹೊತ್ತಿಗೇ ಸುಖವಾಗಿ ಹೆರಿಗೆಯಾಯಿತು. ಡಾಕ್ಟರಮ್ಮ ಅಷ್ಟು ವರ್ಷ ಓದಿದ್ದು, ರಾತ್ರಿ ಹಗಲು ದುಡಿದದ್ದು ಎಲ್ಲ ಹೋಯಿತು. ಹೆಸರು ಬಂದದ್ದು ಸೈಲೆನ್ಸರಿಗೆ.

ಅಲ್ಲಿಂದ ಸುತ್ತಿನ ಹಳ್ಳಿಗಳಲ್ಲಿ ಯಾರಿಗೆ ದಿನ ತುಂಬಿದರೂ ಆ ಕಾರೇ ಬೇಕು. ಹೆರಿಗೆಗೆ ಕರೆದೊಯ್ದವನನ್ನೇ ತೊಟ್ಟಿಲಿಗೆ ಕರೆದರು, ಆಮೇಲೆ ಮದುವೆಗೂ ಕರೆದರು. ತಂಗಿಯ ಗಂಡ ಬಸ್ಸಿನ ಕಡೆ ತಿರುಗಿ ನೋಡಲಿಲ್ಲ. ಆ ಕಾರು ಅವನ ಮನೆಯನ್ನು ಬಹಳ ವರ್ಷ ನಡೆಸಿತು. ಕಾರನ್ನು ಆರಿಸಿದ್ದು ತಾನೇ ಎಂದು ಅವನು ಇಂದಿಗೂ ಹೇಳುತ್ತಾನೆ. ಹಾರ್ನ್ ಕೇಳಿದೊಡನೆ ಗೊತ್ತಾಯಿತಂತೆ.

ಸುದ್ದಿ ಕೋಗಳಿಗೂ ಮುಟ್ಟಿತು. ಒಂದು ಸಂತೆಯ ದಿನ ಗೌಡ ನನ್ನ ಅಂಗಡಿಯ ಮುಂದೆ ಬಂದು ನಿಂತ.

"ನೋಡಿದ್ರೇನು? ಔಡ್ಲೆಣ್ಣಿ ಕುಡದ ಗಾಡಿ ಹೆಂಗ ಓಡಾಕ ಹತ್ತೈತಿ. ನೀವು ನಗಾಡಿದ್ರಿ. ಈ ವರ್ಷ ಹೊಲದಾಗ ಔಡ್ಲ ಬರಲಿಲ್ಲ, ನಮ್ಮ ಹೊಸ ಟ್ರ್ಯಾಕ್ಟರಿಗೆ ಒಂದು ಡಬ್ಬಿ ಕೊಡ್ರಿ."

ಕೊಡುವುದಿಲ್ಲ ಎಂದೆ. ಎಷ್ಟು ಬಿಡಿಸಿ ಹೇಳಿದರೂ ಅವನಿಗೆ ಅದು ಬೆಲೆ ಏರಿಸುವ ಉಪಾಯವಾಗಿಯೇ ಕಂಡಿತು. ಟವೆಲ್ ತೆಗೆದು ಕೈ ಚಾಚಿದ. ನಾನು ಕೈ ಕೊಡಲಿಲ್ಲ. ಕೈಗೆ ಬಂದ ಗಿರಾಕಿಗೆ ಇಲ್ಲ ಎಂದದ್ದು ನನ್ನ ವ್ಯಾಪಾರದಲ್ಲಿ ಅದೊಂದೇ ಸಲ.

ಅವನು ಪಕ್ಕದ ಅಂಗಡಿಗೆ ಹೋದ.