ನಂದವರಂ ದಾರಿಯಲ್ಲಿ ಕಟ್ಟಿದ ರುಮಾಲು

ಬಳ್ಳಾರಿಯಿಂದ ನಸುಕಿನ ಗಾಡಿ ಹಿಡಿದು, ಗುಂತಕಲ್ಲಿನಲ್ಲಿ ಬದಲಿಸಿ, ಆದವಾನಿಯಲ್ಲಿ ಇಳಿದಾಗ ಬೆಳಗಿನ ಹತ್ತು ಗಂಟೆ. ಮಾಘದ ತಂಪು ಇನ್ನೂ ಹೋಗಿರಲಿಲ್ಲ. ಹತ್ತಿ ಗಿರಣಿಗಳ ಕಡೆಯಿಂದ ಹಾರಿ ಬಂದ ಅರಳೆಯ ಎಳೆಗಳು ನಿಲ್ದಾಣದ ಬೇಲಿಗೆ ಅಂಟಿಕೊಂಡಿದ್ದವು. ತಾಲ್ಲೂಕು ಆಂಧ್ರಕ್ಕೆ ಸೇರಿ ಎರಡನೆಯ ವರ್ಷ. ಇಲ್ಲಿನ ಕನ್ನಡ ಶಾಲೆಗಳು ಹೇಗೆ ನಡೆದಿವೆ ಎಂದು ನೋಡಿ ಬರಲು ಸಂಪಾದಕರು ಕಳಿಸಿದ್ದರು. ನಾನು ನಂದವರಂ ಶಾಲೆಯನ್ನು ಆರಿಸಿಕೊಂಡಿದ್ದೆ. ಎಮ್ಮಿಗನೂರಿನ ಮೇಲೆ ಹಾದು ಸುಮಾರು ಇಪ್ಪತ್ತನಾಲ್ಕು ಮೈಲಿ. ಬಸ್ಸಿನ ಟಿಕೆಟ್ಟು ಹನ್ನೆರಡಾಣೆ.

ಬಸ್ಸು ಹೊರಡಲು ಸಮಯವಿತ್ತು. ಎದುರಿನ ಅಂಗಡಿಯಲ್ಲಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತೆಗೆದುಕೊಂಡೆ. ಬೇವಿನ ಮರದ ಕಟ್ಟೆಯ ಮೇಲೆ ಅರವತ್ತರ ಆಸುಪಾಸಿನ ಗಂಡಹೆಂಡತಿ ಕುಳಿತಿದ್ದರು. ಆತನ ತಲೆ ಬರಿದಾಗಿತ್ತು. ಮಡಿಲಲ್ಲಿ ಬಿಳಿ ರುಮಾಲಿನ ರಾಶಿ. ಅವರ ಜಗಳ ಅಂಗಡಿಯವರೆಗೂ ಕೇಳುತ್ತಿತ್ತು.

“ಅರಿವಿ ಸಲುವಾಗಿ ಮಗಳ ಮದಿವಿ ಬಿಡತೀಯೇನು?” ಎಂದಳು ಆಕೆ.

“ಬಿಡು ಅಂದೆನೇನು? ನೀ ಹೋಗು. ಮನಿ ನೋಡಿಕೊಂಡು ಬಾ.”

“ಅಪ್ಪ ಎಲ್ಲಿ ಅಂದ್ರ ಏನನ್ನಲಿ? ರುಮಾಲು ಬಿಚ್ಚಿಕೊಂಡು ಆದವಾನ್ಯಾಗ ಕುಂತಾನ ಅನ್ನಲೇನು?”

ಹತ್ತಿರ ಹೋಗಿ ವಿಚಾರಿಸಿದೆ. ಆತ ಕೋಸಗಿಯ ಬೀರಪ್ಪ, ಕುರಿ ಸಾಕುವವ. ಆಕೆ ನಾಗಮ್ಮ. ಕಿರಿಮಗಳಿಗೆ ನಂದವರಂನಲ್ಲಿ ಗಂಡು ಗೊತ್ತಾಗಿತ್ತು. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಿ ಒಪ್ಪಿದರೆ ಮಾತು ಗಟ್ಟಿ. ಅದಕ್ಕೆ ಇಟ್ಟ ದಿನ ಅದೇ. ಆದರೆ ಮೂರು ತಿಂಗಳ ಹಿಂದೆ ಟಗರು ಗುದ್ದಿ ಬೀರಪ್ಪನ ಬಲಮೊಣಕೈ ಮುರಿದಿತ್ತು. ಮೂಳೆ ಕೂಡಿತ್ತು, ಕೈ ಎದೆಯಿಂದ ಮೇಲೆ ಏಳುತ್ತಿರಲಿಲ್ಲ.

“ಮುಂಜಾನಿ ಈಕಿನ ಸುತ್ತಿದ್ಲು,” ಎಂದ ಬೀರಪ್ಪ. “ಟೇಸಣದಾಗ ನಮ್ಮ ಗೆಣೆಕಾರ ನನ್ನ ಮುಂದ ಹಾದು ಹೋದ್ರೂ ಗುರ್ತು ಹಿಡೀಲಿಲ್ರಿ. ನಲವತ್ತು ವರ್ಷ ಆತು, ಹೊಲದಾಚೆಯಿಂದ ರುಮಾಲು ನೋಡೇ ಬೀರಪ್ಪ ಬಂದ ಅಂತಿದ್ರು. ಅದಕ್ಕ ರೈಲಿನಾಗ ಬಿಚ್ಚಿಬಿಟ್ಟೆ.”

“ಬರಿ ತಲೀಲಿ ಹೋಗಬಹುದಲ್ಲ?” ಎಂದೆ.

ಇಬ್ಬರೂ ನನ್ನನ್ನು ನೋಡಿದ ರೀತಿಯಲ್ಲೇ ಉತ್ತರವಿತ್ತು. ಬರಿದಲೆಯಲ್ಲಿ ಹೋಗುವುದು ಸಾವಿನ ಮನೆಗೆ. “ಇನ್ನೊಬ್ರು ಸುತ್ತದು ನಾವು ಸತ್ತಮ್ಯಾಗ ಐತಲ್ರಿ,” ಎಂದ ಆತ. ಹೆಂಡತಿ ಬೇರೆ ಕಡೆ ಮುಖ ತಿರುಗಿಸಿದಳು.

“ಎಕ್ಕಯ್ಯಾ ಪೆದ್ದಾಯನಾ, ಟೈಮೈಂದಿ!” ಎಂದು ಕಂಡಕ್ಟರ್ ಮುದುಕನಿಗೆ ಹತ್ತಲು ತೆಲುಗಿನಲ್ಲಿ ಕೂಗಿ ಬಸ್ಸಿನ ಮೈ ತಟ್ಟಿದ. ಬೀರಪ್ಪ ಎದ್ದ. ಎಮ್ಮಿಗನೂರಿನವರೆಗೆ ಮಾತ್ರ ಬರುತ್ತೇನೆ, ಅಲ್ಲಿಂದ ವಾಪಸ್ಸು ಬರುವ ಬಸ್ಸು ಹಿಡಿಯುತ್ತೇನೆ ಎಂದು ಹೇಳಿಯೇ ಹತ್ತಿದ.

ರಸ್ತೆಯ ಎರಡೂ ಬದಿ ಕಪ್ಪು ನೆಲ, ಕೊನೆಯ ಸಲ ಬಿಡಿಸಲು ಬಂದ ಹತ್ತಿ. ಹನ್ನೆರಡನೆಯ ಮೈಲಿಯ ಸುಮಾರಿಗೆ ಎಂಜಿನ್ ಕಾದು ಹೊಗೆಯಾಡಿತು. ಚಾಲಕ ಒಂದು ಬಾವಿಯ ಬಳಿ ನಿಲ್ಲಿಸಿ, ನೀರು ತರಲು ಕ್ಯಾನು ಹಿಡಿದು ಇಳಿದ. ಎಲ್ಲರೂ ಇಳಿದೆವು.

ಬೀರಪ್ಪ ರುಮಾಲಿನ ಒಂದು ತುದಿಯನ್ನು ಹೆಂಡತಿಗೆ ಕೊಟ್ಟು, ಇನ್ನೊಂದನ್ನು ಎಡಗೈಯಿಂದ ತಲೆಗೆ ಒತ್ತಿ ಹಿಡಿದು, ಹತ್ತು ಹೆಜ್ಜೆ ದೂರ ನಿಂತ. ಕೈ ಏಳದಿದ್ದರೆ ಬಟ್ಟೆಯನ್ನು ತಲೆಗೆ ಸುತ್ತುವ ಬದಲು ತಾನೇ ಬಟ್ಟೆಯೊಳಗೆ ಸುತ್ತಿಕೊಳ್ಳಬಹುದು ಎಂದು ದಾರಿಯುದ್ದಕ್ಕೂ ಯೋಚಿಸಿದ್ದನಂತೆ. ಆದರೆ ಆತ ತಿರುಗತೊಡಗಿದ ಕೂಡಲೇ ನಾಗಮ್ಮ ಬಟ್ಟೆಯನ್ನು ಮೇಲೆತ್ತಿದಳು, ಕೆಳಗಿಳಿಸಿದಳು, “ಕಿವಿ ಮುಚ್ಚತು, ಕಿವಿ!” ಎಂದಳು.

ಆತ ನಿಂತು ನನ್ನ ಕಡೆ ನೋಡಿದ. “ಸ್ವಾಮಿ, ನಿಮಗ ರುಮಾಲು ಸುತ್ತಾಕ ಬರತೈತೇನ್ರಿ?”

“ಇಲ್ಲ.”

“ಹಂಗಾರ ನೀವ ಹಿಡೀರಿ. ಸುತ್ತಾಕ ಬರೋರು ಸುಮ್ನ ನಿಂದ್ರಂಗಿಲ್ಲ.”

ಟಿಪ್ಪಣಿ ಪುಸ್ತಕವನ್ನು ನಾಗಮ್ಮನ ಕೈಗೆ ಕೊಟ್ಟು ತುದಿ ಹಿಡಿದೆ. ಮೊದಲ ಸಲ ಆತ ರೂಢಿಯಂತೆ ಬಲಕ್ಕೆ ತಿರುಗಿದ. ಒತ್ತಿ ಹಿಡಿದಿದ್ದ ಎಡಗೈಯೇ ಮೂರನೆಯ ಸುತ್ತಿನೊಳಗೆ ಸಿಕ್ಕಿಕೊಂಡಿತು. ತನ್ನ ಕೈಯನ್ನು ತಾನೇ ತಲೆಗೆ ಕಟ್ಟಿಕೊಂಡು ನಿಂತ ಮುದುಕನನ್ನು ಕಂಡು ಬಸ್ಸಿನವರೆಲ್ಲ ನಕ್ಕರು. “ಸಲಾಂ ಹೊಡ್ಯಾಕ ಹತ್ಯಾನ ನೋಡ್ರಿ,” ಎಂದಳು ನಾಗಮ್ಮ. ಆತನೂ ನಕ್ಕ, ಬಿಚ್ಚಿಕೊಂಡ.

ಅಷ್ಟರಲ್ಲಿ ಚಾಲಕ ನೀರು ತುಂಬಿ ಮುಗಿಸಿದ್ದ. ಕಂಡಕ್ಟರ್ ಸೀಟಿ ಊದಿದ. ಯಾರೂ ಹತ್ತಲಿಲ್ಲ.

ಎರಡನೆಯ ಸಲ ಬೀರಪ್ಪ ಬಟ್ಟೆಯ ಮೊದಲ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯನ್ನು ಸುತ್ತು ಸರಿಪಡಿಸಲು ಬಿಟ್ಟುಕೊಂಡು, ಎಡಕ್ಕೆ ತಿರುಗಿದ. ಒಂದೊಂದು ಸುತ್ತಿಗೂ ಒಂದೊಂದು ಹೆಜ್ಜೆ ನನ್ನತ್ತ ಬಂದ. ಗಾಳಿಗೆ ಬಟ್ಟೆ ಪಟಪಟ ಬಡಿಯಿತು, ನಾನು ಅಲುಗಲಿಲ್ಲ. ಕೊನೆಗೆ ಆತನ ಬೆವರಿದ ಮುಖ ನನ್ನಿಂದ ಒಂದು ಮೊಳ ದೂರದಲ್ಲಿತ್ತು. ನನ್ನ ಬೆರಳಿಂದ ತುದಿ ತೆಗೆದುಕೊಂಡು ಸಿಕ್ಕಿಸಿ, ಉಳಿದ ಚುಂಗನ್ನು ಇಳಿಬಿಟ್ಟ.

“ಚುಂಗು ಬಲಕ್ಕ ಬಂತಲ್ಲೋ,” ಎಂದಳು ನಾಗಮ್ಮ. “ನಿಂದು ಎಡಕ್ಕಿತ್ತು.”

ಆತ ಬಲಕಿವಿಯ ಬಳಿ ಮುಟ್ಟಿ ನೋಡಿಕೊಂಡ. ಬಿಚ್ಚುತ್ತಾನೆ ಎಂದುಕೊಂಡೆ.

“ಎಡಕ್ಕ ಯಾಕಿತ್ತು?” ಎಂದು ಆಕೆಯನ್ನೇ ಕೇಳಿದ. “ಮರಿ ಹೊರತಿದ್ದದ್ದು ಬಲಹೆಗಲಿನ ಮ್ಯಾಲ. ಚುಂಗು ಆ ಕಡೆ ಬಿಟ್ರ ಮೇಯತಿದ್ವು. ಈಗ ಹೊರೋದು ಎಡಹೆಗಲಿನ ಮ್ಯಾಲ. ಇರಲಿ ಬಿಡು, ಬರೋಬ್ಬರಿ ಐತಿ.”

ಎಮ್ಮಿಗನೂರಿನಲ್ಲಿ ಕಂಡಕ್ಟರ್ ಕತ್ತು ತಿರುಗಿಸಿ, “ದಿಗುತಾವಾ, ಪೆದ್ದಾಯನಾ?” ಎಂದು ಕೇಳಿದ. ಬೀರಪ್ಪ ಇಳಿಯಲಿಲ್ಲ.

ನಂದವರಂ ತಲುಪಿದಾಗ ಒಂದೂವರೆ ದಾಟಿತ್ತು. ಗಂಡಿನ ಮನೆ ರಸ್ತೆಯ ಪಕ್ಕದಲ್ಲೇ. ಗಂಡಿನ ತಂದೆ, ನನಗೆ ಹೆಸರು ತಿಳಿಯದ ಎತ್ತರದ ಮನುಷ್ಯ, ಎದುರು ಬಂದು ಕೈಮುಗಿದ. ಕಣ್ಣು ಬೀರಪ್ಪನ ತಲೆಯ ಮೇಲೆ ನಿಂತಿತು.

“ಇದು ಯಾ ಊರ ಸುತ್ತರಿ ಬೀಗರ? ನಿಮ್ಮ ಕೋಸಗ್ಯಾಗ ಹಿಂಗ ನೋಡಿಲ್ಲ.”

“ಊರಿಂದಲ್ಲರಿ,” ಎಂದ ಬೀರಪ್ಪ. “ನಂದು.”

ನಾನು ಶಾಲೆಯ ಕಡೆ ನಡೆದೆ. ಅದರ ವರದಿ ಆಗಲೇ ಅಚ್ಚಾಗಿದೆ.

ಐದು ಗಂಟೆಯ ಬಸ್ಸಿಗೆ ಬಂದಾಗ ನಾಗಮ್ಮ ಗಂಡಿನ ಮನೆಯ ಬಾಗಿಲಲ್ಲೇ ನಿಂತಿದ್ದಳು. ಹಣೆತುಂಬ ಕುಂಕುಮ, ಸೆರಗಿನಲ್ಲಿ ಕಟ್ಟಿಕೊಂಡ ಎಲೆಅಡಿಕೆ, ಕೊಬ್ಬರಿ. “ಗಟ್ಟಿ ಆತ್ರಿ. ಇವತ್ತು ಇಲ್ಲೇ ಇರಸ್ತಾರ,” ಎಂದಳು. ಟಿಪ್ಪಣಿ ಪುಸ್ತಕ ಆಕೆಯ ಗಂಟಿನಲ್ಲೇ ಉಳಿದಿತ್ತು, ಒರೆಸಿ ಕೊಟ್ಟಳು.

ಬಸ್ಸು ಹೊರಟ ಮೇಲೆ ಹಿಂದಿನ ಕಿಟಕಿಯಿಂದ ನೋಡಿದೆ. ದೊಡ್ಡಿಯ ಮುಂದೆ ಬೀಗರಿಬ್ಬರೂ ನಿಂತು ಕುರಿ ನೋಡುತ್ತಿದ್ದರು. ಬೀರಪ್ಪ ಬಗ್ಗಿ ಒಂದು ಕರಿಮರಿಯನ್ನು ಎಡಗೈಯಿಂದ ಬಾಚಿ ಎಡಹೆಗಲಿಗೇರಿಸಿದ. ಮರಿ ರುಮಾಲನ್ನು ಮೂಸಿತು, ಕತ್ತನ್ನು ಉದ್ದಕ್ಕೆ ಚಾಚಿತು. ಚುಂಗು ಅದಕ್ಕೆ ಎಟುಕಲಿಲ್ಲ.